ಮಳೆಗೆ ನೆಟ್ ಯಾಕೆ ಹೋಗುತ್ತದೆ: ಎರಡು ಸಲ ಬರೆದ ಪ್ರಪೋಸಲ್

ಪೆರ್ಲ ಕಡೆಯ ಅಡಿಕೆ ತೋಟಗಳ ನಡುವೆ ಮನೆ ಮನೆಗೆ ಇಂಟರ್ನೆಟ್‌ನ ಫೈಬರ್ (ಬೆಳಕು ಹರಿಯುವ ಗಾಜಿನ ಎಳೆಯ ಕೇಬಲ್) ಎಳೆಯುವುದು ನನ್ನ ಕೆಲಸ. 2003ರಲ್ಲಿ ಶುರುವಾದ, ದಕ್ಷಿಣ ಏಷ್ಯಾದ ನೆಟ್‌ವರ್ಕ್ ಇಂಜಿನಿಯರುಗಳು ಸೇರುವ ಸಾನೋಗ್‌ನ ಹಳೇ ಸ್ಲೈಡ್‌ಗಳನ್ನು ಓದುತ್ತಾ ನನಗೂ ಒಮ್ಮೆ ಮಾತಾಡುವ ಆಸೆ ಹುಟ್ಟಿತು. ಅಂಥದ್ದೇ ಒಂದು ಸಮ್ಮೇಳನಕ್ಕೆ ಪ್ರಪೋಸಲ್ ಕಳಿಸಿದೆ. ವಾಪಸ್ ಬಂತು.

ಬೇಜಾರಾಯಿತು. ಈಗ ಓದಿದರೆ ನಗು ಬರುತ್ತದೆ. ‘ಗ್ರಾಮೀಣ ಫೈಬರ್ ಜಾಲ: ಸವಾಲುಗಳು ಮತ್ತು ಪರಿಹಾರಗಳು’ ಅಂತೆ! ಅದನ್ನು ಕಾಠ್ಮಂಡುವಿನವನೂ ಬರೆಯಬಹುದಿತ್ತು, ಅಲ್ವಾ?

ನಿಜವಾದ ವಿಷಯ ಕೊಟ್ಟವರು ನಮ್ಮ ಗಿರಾಕಿ ಅಜ್ಜ ಒಬ್ಬರು. “ಮಳೆ ಬಂದ ಕೂಡ್ಲೇ ನೆಟ್ ಎಂತಕ್ಕೆ ಹೋಗುದು ಮಾರಾಯ? ಗಾಜಿನ ಒಳಗೆ ನೀರು ಹೋಗ್ತದಾ?”

ಅವರ ಮನೆಯಲ್ಲಿ ಮೇ ತಿಂಗಳಲ್ಲಿ ಪವರ್, ಅಂದರೆ ಫೈಬರ್‌ನಲ್ಲಿ ಬಂದು ತಲುಪುವ ಬೆಳಕಿನ ಬಲ, ಮೈನಸ್ 21 ಡಿಬಿಎಂ ಇತ್ತು (ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ). ಜುಲೈಯಲ್ಲಿ ಮೈನಸ್ 28. ನಾವು ಹಾಕುವ ಬಿ ಪ್ಲಸ್ ದರ್ಜೆಯ ಜಿಪಾನ್‌ನಲ್ಲಿ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಭರವಸೆ ಇಲ್ಲ, ಕೆಂಪು ದೀಪ ಮಿಣುಕಲು ಶುರು. ಕೇಬಲ್ ಎಲ್ಲೂ ತುಂಡಾಗಿರಲಿಲ್ಲ. ಮಾಡಿನ ಕೆಳಗೆ ಫಾಸ್ಟ್ ಕನೆಕ್ಟರ್ ಇತ್ತು. ಫೈಬರ್ ತುದಿಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಹೊತ್ತು ತರಲು ಉದಾಸೀನವಾಗಿ ಕೈಯಲ್ಲೇ ಕಟ್ಟಿದ್ದು. ಅದರೊಳಗೆ ತೇವ. ಕಟ್ಟಿದವನು ಬೇರೆ ಯಾರೂ ಅಲ್ಲ, ನಾನೇ. ಕತ್ತರಿಸಿ ತೆಗೆದು ಬೆಸೆದೆ. ಮತ್ತೆ ಮೈನಸ್ 21. ಸರಿಯಾಗಿ ಬೆಸೆದರೆ ಒಂದು ಜೋಡಣೆಯಲ್ಲಿ 0.1 ಡಿಬಿ ಕೂಡ ಹೋಗುವುದಿಲ್ಲ.

ಮರುವರ್ಷ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಮನೆಗಳ ಪವರ್ ದಿನಕ್ಕೆ ನಾಲ್ಕು ಸಲ ದಾಖಲಿಸಿದೆ.

ಈ ಸಲ ಮೊದಲು ಮಾಡಿದ್ದು ಸ್ಲೈಡ್, ಸಾರಾಂಶ ಆಮೇಲೆ. ಏಷ್ಯಾ-ಪೆಸಿಫಿಕ್‌ನ ನೆಟ್‌ವರ್ಕ್ ಸಮ್ಮೇಳನ ಏಪ್ರಿಕಾಟ್‌ನಂಥ ಕಡೆ ಕರಡು ಸ್ಲೈಡ್ ಇಲ್ಲದ ಪ್ರಪೋಸಲ್ ಅರ್ಧಂಬರ್ಧ ಎಂದೇ ಲೆಕ್ಕ. ಮೊದಲು ಅದು ಸುಮ್ನೆ ಕಿರಿಕಿರಿ ಅನಿಸಿತ್ತು. ಮಾಡಲು ಕೂತಾಗ ಗೊತ್ತಾಯಿತು, ಹನ್ನೆರಡು ಸ್ಲೈಡ್ ತುಂಬುವಷ್ಟು ಸರಕು ಇಲ್ಲದಿದ್ದರೆ ಇಪ್ಪತ್ತು ನಿಮಿಷ ಮಾತಾಡಲಿಕ್ಕೂ ಇರುವುದಿಲ್ಲ. ಕನೆಕ್ಟರ್ ಕಂಪನಿಯ ಹೆಸರು, ಲೋಗೋ ಎಲ್ಲ ತೆಗೆದೆ. ಅಲ್ಲಿ ಜಾಹೀರಾತಿನ ವಾಸನೆ ಬಂದರೂ ಆಗುವುದಿಲ್ಲ.

ಸಾರಾಂಶದ ಮೊದಲ ಸಾಲಿಗೇ ಎರಡು ಸಂಜೆ ಬೇಕಾಯಿತು. ಇಂಗ್ಲಿಷಿನಲ್ಲಿ ಯೋಚಿಸಿದರೆ ‘ಸವಾಲು’ ಮತ್ತೆ ಒಳಗೆ ನುಗ್ಗುತ್ತಿತ್ತು. ಕೊನೆಗೆ ಅಡಿಕೆ ಅಂಗಡಿಯ ಚೀಟಿಯ ಹಿಂದೆ ಕನ್ನಡದಲ್ಲೇ ಗೀಚಿದೆ: ‘ಮಳೆಗಾಲದಲ್ಲಿ ನಮ್ಮ ನೆಟ್ ಹೋಗುವುದು ಹೆಚ್ಚಾಗಿ ಮರ ಬಿದ್ದು ಅಲ್ಲ, ಮಾಡಿನ ಕೆಳಗಿನ ಕನೆಕ್ಟರ್‌ನಿಂದ.’ ಅದನ್ನೇ ಇಂಗ್ಲಿಷಿಗೆ ತಿರುಗಿಸಿದೆ. ಉಳಿದ ನಾಲ್ಕು ಸಾಲು ಅರ್ಧ ಗಂಟೆಯಲ್ಲಿ ಮುಗಿಯಿತು.

ಸಮಿತಿಯಿಂದ ಒಂದೇ ಪ್ರಶ್ನೆ ಬಂತು: ಕನೆಕ್ಟರ್ ಸರಿ ಇದ್ದೂ ಪವರ್ ಬಿದ್ದ ಮನೆಗಳು ಇರಲಿಲ್ಲವೇ? ಇದ್ದವು. ಮೂರು. ನನ್ನ ವಾದ ಸಡಿಲವಾದೀತು ಎಂದು ಬಿಟ್ಟುಬಿಟ್ಟಿದ್ದೆ. ಆ ಮೂರನ್ನೂ ಸೇರಿಸಿ ಹದಿಮೂರನೇ ಸ್ಲೈಡ್ ಮಾಡಿದೆ: ಅಳಿಲು ಕಡಿದ ಕೇಬಲ್‌ನ ಫೋಟೋ. ಮಾತಾಡಲು ಕರೆ ಬಂದದ್ದು ಅದನ್ನು ಕಳಿಸಿದ ಮೇಲೆ.