ಜರ್ಮನಿಯಲ್ಲಿ ಮನೆ ಕೊಂಡಿರಾ? ಚಿಮಣಿಯ ಕಾಗದ ರದ್ದಿಗೆ ಹಾಕಬೇಡಿ

ವಿಜಯಪುರದ ನಮ್ಮ ಮಾಳಿಗೆ ಮನೆಯಲ್ಲಿ ಒಲೆಯ ಹೊಗೆ ಬೆಳಕಿಂಡಿಯಿಂದ ಹೋಗುತ್ತಿತ್ತು. ದೀಪಾವಳಿ ಮುಂದೆ ಕೋಲಿಗೆ ಕಸಬರಿಗೆ ಕಟ್ಟಿ ಇಲ್ಲಣ ಕೆಡವಿದರೆ ವರ್ಷದ ಕೆಲಸ ಮುಗೀತು. ಅದೇ ಅಂದಾಜಿನಲ್ಲಿ ಇಲ್ಲಿ ಕಟ್ಟಿಗೆ ಒಲೆ ಇರುವ ಹಳೇ ಮನೆ ಕೊಂಡೆ. ಬಂದ ಒಂದು ಲಕೋಟೆಯನ್ನು ಜಾಹೀರಾತೆಂದು ರದ್ದಿಗೆ ಹಾಕಿದೆ. ಅದು ಕಾನೂನಿನ ಆದೇಶವಾಗಿತ್ತು!

ಅದರ ಹೆಸರು ಫೊಯರ್‌ಸ್ಟೆಟನ್‌ಬೆಶೈಡ್. ನಿಮ್ಮ ಮನೆಯ ಯಾವ ಒಲೆ, ಯಾವ ಬಾಯ್ಲರ್‌ನ ಚಿಮಣಿಯನ್ನು ಯಾವ ತಾರೀಖಿನೊಳಗೆ ಗುಡಿಸಬೇಕು, ಪರೀಕ್ಷಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಕೊಡುವವರು ನಿಮ್ಮ ವಲಯಕ್ಕೆ ಸರ್ಕಾರ 7 ವರ್ಷಕ್ಕೆ ನೇಮಿಸಿದ ಶೋರ್ನ್‌ಸ್ಟೈನ್‌ಫೇಗರ್, ಅಂದರೆ ಚಿಮಣಿ ಗುಡಿಸುವವರು. ಆ ಅವಧಿಯಲ್ಲಿ ಎರಡು ಸಲ ಮನೆಗೆ ಬಂದು ಎಲ್ಲ ನೋಡುತ್ತಾರೆ. ಈ ತಪಾಸಣೆಗೆ ಬೇರೆಯವರನ್ನು ಕರೆಯುವಂತಿಲ್ಲ. ಗುಡಿಸುವುದಕ್ಕೆ, ಹೊಗೆ ಅಳೆಯುವುದಕ್ಕೆ ಮಾತ್ರ 2013ರಿಂದ ನೋಂದಣಿ ಇರುವ ಯಾರನ್ನಾದರೂ ಕರೆಯಬಹುದು. ಆದರೆ ಆಗ ಕೆಲಸ ಮುಗಿದ ಪುರಾವೆಯ ಫಾರ್ಮ್, ಗಡುವು ದಾಟಿ 14 ದಿನದೊಳಗೆ ವಲಯದವರ ಕೈ ಸೇರಬೇಕು. ಸೇರದಿದ್ದರೆ ಕಚೇರಿಯಿಂದ ಇನ್ನೊಂದು ಆದೇಶ ಬರುತ್ತದೆ. ಅದಕ್ಕೂ ಸುಮ್ಮನಿದ್ದರೆ ಅವರೇ ಆಳು ಕಳಿಸಿ ಮಾಡಿಸಿ ಬಿಲ್ಲು ನಿಮಗೆ ಹಚ್ಚುತ್ತಾರೆ. ನಾನಂತೂ ಗುಡಿಸುವ ಕೆಲಸವನ್ನೂ ವಲಯದವರಿಗೇ ಒಪ್ಪಿಸಿಬಿಟ್ಟೆ. ನಾಲ್ಕು ಯೂರೋ ಹೆಚ್ಚಾದರೂ ಕಾಗದದ ರಗಳೆ ತಪ್ಪಿತು.

ಬಾಡಿಗೆ ಮನೆಯಾದರೆ ಈ ಹೊಣೆ ಮಾಲೀಕರದು. ನೀವು ಬಾಗಿಲು ತೆಗೆದರೆ ಸಾಕು.

ಇಷ್ಟು ಬಿಗಿ ಯಾಕೆ ಅಂತ ಮೊದಲ ಸಲ ಗುಡಿಸಿದ ದಿನವೇ ಗೊತ್ತಾಯಿತು. ಮೇಲಿಂದ ಇಳಿಬಿಟ್ಟ ಬ್ರಷ್ಷಿಗೆ ಬಿದ್ದ ಒಂದು ಚಕ್ಕೆಯನ್ನು ಅವರು ನನ್ನ ಅಂಗೈಗಿಟ್ಟರು. ಕರ್ರಗೆ, ಗಾಜಿನಂತೆ ಹೊಳಪು. ಮಹಾಲಿಂಗಪುರದ ಕಡೆ ಗಾಣದ ಮನೆಯಲ್ಲಿ ಕೊಪ್ಪರಿಗೆಯ ಅಂಚಿಗೆ ಸೀದು ಹತ್ತಿದ ಬೆಲ್ಲವೇ ಸೈ. ಹಸಿ ಕಟ್ಟಿಗೆ ಉರಿಸಿದರೆ, ಇಲ್ಲವೇ ಉಳಿತಾಯವೆಂದು ಗಾಳಿ ಮುಚ್ಚಿ ಬೆಂಕಿ ಸಣ್ಣಗಿಟ್ಟರೆ, ಹೊಗೆ ಅಲ್ಲೇ ತಣ್ಣಗಾಗಿ ಹೀಗೆ ಅಂಟುತ್ತದೆ. ನಾನು ಎರಡನ್ನೂ ಮಾಡಿದ್ದೆ. ಇದಕ್ಕೆ ಬೆಂಕಿ ಹತ್ತಿದರೆ ಶಾಖ 1000 ಡಿಗ್ರಿ ದಾಟುತ್ತದೆ. ಆಗ ನೀರು ಸುರಿಯಲೇಬೇಡಿ. ಒಂದು ಲೀಟರ್ ನೀರು ಸುಮಾರು 1700 ಲೀಟರ್ ಆವಿಯಾಗಿ ಚಿಮಣಿಯನ್ನೇ ಸೀಳುತ್ತದೆ. 112ಕ್ಕೆ ಫೋನ್ ಮಾಡಿ ಹೊರಗೆ ಬನ್ನಿ. ಇನ್ನು ಹಕ್ಕಿಗೂಡು ಕಟ್ಟಿ ಚಿಮಣಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತಿರುಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲಾರ್ಮ್ ಒಂದು ಹಾಕಿಸಿ.

ಕಟ್ಟಿಗೆಯ ತೇವ 25 ಪ್ರತಿಶತಕ್ಕಿಂತ ಕಡಿಮೆ ಇರಬೇಕೆಂಬುದೂ ಇಲ್ಲಿ ಕಾಯಿದೆಯೇ. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ; ಕಟ್ಟಿಗೆ ಸೀಳಿ ಒಳಮೈಗೆ ಚುಚ್ಚಿ ನೋಡಿ.

ಗುಡಿಸುವವರು ಬಂದಾಗ ನಮ್ಮವ್ವ ಊರಿಂದ ಬಂದಿದ್ದಳು. ಕರೀ ಬಟ್ಟೆಯವರನ್ನು ಮುಟ್ಟಿದರೆ ಶುಭ ಅಂತ ಪಕ್ಕದ ಮನೆಯ ಅಜ್ಜಿ ಓಡಿ ಬಂದು ತೋಳು ಮುಟ್ಟಿ ಹೋದಳು. "ನಮ್ಮ ಕಡೆ ಮಸಿ ಕಂಡ್ರ ಸರೀತಾರ, ಇಲ್ಲಿ ಮುಟ್ಟಾಕ ಓಡಿ ಬರ್ತಾರಲ್ಲೋ!" ಅಂದಳು ಅವ್ವ.

ಅವರು ಬರುವ ದಿನ ಒಲೆ ಹಚ್ಚಬೇಡಿ. ನೆಲಮಾಳಿಗೆಯಲ್ಲಿ ಮಸಿ ತೆಗೆಯುವ ಪುಟ್ಟ ಕಬ್ಬಿಣದ ಬಾಗಿಲಿರುತ್ತದೆ, ಅದರ ಮುಂದೆ ಒಟ್ಟಿದ ಸೂಟ್‌ಕೇಸುಗಳನ್ನು ಹಿಂದಿನ ರಾತ್ರಿಯೇ ಸರಿಸಿಡಿ.