ಕೊಲೊರಾಡೊ ಬೆಟ್ಟದಲ್ಲಿ ಒಂಟಿಯಾಗಿ ಎಲ್ಕ್ ಬೇಟೆ: ಮೊದಲು ಹೊರುವ ಲೆಕ್ಕ ಹಾಕಿ

ನಮ್ಮೂರು ಸಕಲೇಶಪುರದ ಹತ್ತಿರ. ಅಜ್ಜನ ಕಾಲದಲ್ಲಿ ಶಿಕಾರಿ ಅಂದರೆ ಇಡೀ ಊರಿನ ಕೆಲಸ. ಒಂದಷ್ಟು ಜನ ಹಳು ಸೋವಿ ಪ್ರಾಣಿಯನ್ನು ಎಬ್ಬಿಸುತ್ತಿದ್ದರು, ಕೋವಿ ಇದ್ದವರು ಅದು ಬರುವ ದಾರಿಯಲ್ಲಿ ಕಾದು ನಿಲ್ಲುತ್ತಿದ್ದರು. ಕಡವೆ ಬಿದ್ದರೆ ಹೊರಲು ಹತ್ತು ಹೆಗಲು, ಪಾಲು ಹಾಕಲು ಇಪ್ಪತ್ತು ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಅಪರಾಧವಾಯಿತು. ಉಳಿದಷ್ಟು ಕಾಡು ಉಳಿಯಬೇಕಿದ್ದರೆ ಅದು ನಿಲ್ಲಲೇಬೇಕಿತ್ತು. ನಾನು ಆ ಕಥೆಗಳನ್ನು ಕೇಳಿ ಬೆಳೆದವನು ಅಷ್ಟೆ. ಬೇಟೆ ಕಲಿತದ್ದು ಅಮೆರಿಕದ ಕೊಲೊರಾಡೊಗೆ ಬಂದ ಮೇಲೆ, ಕಾನೂನಿನ ಒಳಗೆ, ಬಿಲ್ಲು ಹಿಡಿದು, ಒಬ್ಬನೇ. ಒಂಬತ್ತು ಸೆಪ್ಟೆಂಬರ್ ಕಳೆದಿವೆ. ಮೂರು ಸಲ ಮಾಂಸ ಮನೆಗೆ ತಂದಿದ್ದೇನೆ.

ಇಲ್ಲಿನ ಕನ್ನಡದ ಹುಡುಗರು ನನ್ನನ್ನು ಮೊದಲು ಕೇಳುವುದು ಯಾವ ಬಿಲ್ಲು ತಗೊಳ್ಳಲಿ ಅಂತ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಪ್ರಾಣಿ ಬಿದ್ದರೆ ಅದನ್ನು ಹೊರಗೆ ತರುವುದು ಹೇಗೆ?

ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ ದೊಡ್ಡ ಜಿಂಕೆ, ದೊಡ್ಡ ಗಂಡು 300 ಕಿಲೋ ದಾಟುತ್ತದೆ. ಮೂಳೆ ಬಿಡಿಸಿದ ಮೇಲೂ 90 ಕಿಲೋದಷ್ಟು ಮಾಂಸ. ಬೆಟ್ಟದಲ್ಲಿ ಒಬ್ಬ ಸಾಧಾರಣ ಮನುಷ್ಯ ಮೊಣಕಾಲು ಹಾಳುಮಾಡಿಕೊಳ್ಳದೆ ಹೊರಬಹುದಾದದ್ದು ಒಂದು ಸಲಕ್ಕೆ 25 ಕಿಲೋ. ಅಂದರೆ ನಾಲ್ಕು ಹೊರೆ. ಕಾರಿನಿಂದ 3 ಮೈಲಿ ದೂರದಲ್ಲಿ ಬಿದ್ದಿದ್ದರೆ ಹೊತ್ತು ನಾಲ್ಕು ಸಲ, ಬರಿಗೈಲಿ ವಾಪಸ್ ಮೂರು ಸಲ, ಒಟ್ಟು 21 ಮೈಲಿ. ಗುಡಾರ ಬೇರೆ ತರಬೇಕು. ಇದು ಎರಡು ದಿನದ ಕೆಲಸ. ವೈಲ್ಡರ್ನೆಸ್ ಎಂದು ಗುರುತಾದ ಕಾಡಿನಲ್ಲಿ ಮೋಟಾರು ವಾಹನ ಇರಲಿ, ಸೈಕಲ್ಲು, ಕೈಗಾಡಿಗೂ ಅನುಮತಿ ಇಲ್ಲ. ನಿಮ್ಮ ಬೆನ್ನು, ಇಲ್ಲವೇ ಮೊದಲೇ ಮಾತಾಡಿಕೊಂಡ ಕುದುರೆಯವರು.

ಐದನೇ ವರ್ಷ ನಾನು ಈ ಲೆಕ್ಕ ಮರೆತೆ. ಎಲ್ಕ್ ಕೂಗು ಕೇಳುತ್ತ ಕೇಳುತ್ತ ಕಾರಿನಿಂದ ನಾಲ್ಕೂವರೆ ಮೈಲಿ ಒಳಗೆ ಹೋಗಿಬಿಟ್ಟಿದ್ದೆ. ಗಂಡು ಬಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ. ಅವತ್ತು ಮಧ್ಯಾಹ್ನ ಅಂಗಿ ಒದ್ದೆಯಾಗುವಷ್ಟು ಬಿಸಿಲು. ಕೊನೆಯ ಹೊರೆಗೆ ಮೂರನೇ ದಿನ ವಾಪಸ್ ಹೋದಾಗ ಹಿಂದೊಡೆಯ ಮೂಳೆಯ ಸುತ್ತ ಹಸಿರು ಛಾಯೆ, ಹುಳಿ ವಾಸನೆ. ಅದು ಏಳೆಂಟು ಕಿಲೋ ಇದ್ದಿರಬೇಕು. ಒಂದು ಜೀವ ತೆಗೆದು ಅದರ ಮಾಂಸವನ್ನು ಕೈಯಾರೆ ಕಾಡಲ್ಲಿ ಎಸೆದು ಬಂದ ನೋವು ಇನ್ನೂ ಹೋಗಿಲ್ಲ. ಆಮೇಲಿಂದ ಎರಡೂವರೆ ಮೈಲಿ ದಾಟಿ ಬಾಣ ಬಿಡುವುದಿಲ್ಲ. ಗಂಡು ಎದುರು ಬಂದು ನಿಂತರೂ ಇಲ್ಲ. ನಿಮ್ಮ ಗೆರೆಯನ್ನು ಮನೆಯಲ್ಲೇ ನಕ್ಷೆಯ ಮೇಲೆ ಎಳೆದುಕೊಂಡು ಹೋಗಿ. ಕೂಗು ಕೇಳುತ್ತಿರುವಾಗ ಎಳೆಯಲು ಆಗುವುದಿಲ್ಲ.

ಪರವಾನಗಿ

ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಆ ವರ್ಷದ ಕೈಪಿಡಿ ಓದದೆ ಒಂದು ಹೆಜ್ಜೆಯೂ ಇಡಬೇಡಿ. ನಿಯಮ ವರ್ಷವರ್ಷ ಬದಲಾಗುತ್ತದೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ (ಬೇಟೆ ತರಬೇತಿ) ಪ್ರಮಾಣಪತ್ರ ಕಡ್ಡಾಯ. ಬೇಟೆ ಪರವಾನಗಿಯ ಮಟ್ಟಿಗೆ ನೀವು ರಾಜ್ಯದ ನಿವಾಸಿ ಅನ್ನಿಸಿಕೊಳ್ಳಲು ಸತತ ಆರು ತಿಂಗಳು ಇಲ್ಲಿ ವಾಸವಾಗಿರಬೇಕು. ಇದರಿಂದ ಶುಲ್ಕದಲ್ಲಿ ಭಾರಿ ವ್ಯತ್ಯಾಸ. ಹೊರರಾಜ್ಯದವರಿಗೆ ಮೊದಲು ರಾಜ್ಯದ ಪಶ್ಚಿಮ ಭಾಗದ ಹಲವು ಕಡೆ ಬಿಲ್ಲುಬೇಟೆಯ ಪರವಾನಗಿ ಅಂಗಡಿಯಲ್ಲೇ ಸಿಗುತ್ತಿತ್ತು. 2025ರಿಂದ ಅಲ್ಲಿಗೆ ಅವರು ಲಾಟರಿ ಥರದ ಡ್ರಾಗೆ ಅರ್ಜಿ ಹಾಕಲೇಬೇಕು. ಅರ್ಜಿ ಏಪ್ರಿಲ್ ಮೊದಲ ವಾರದಲ್ಲೇ ಮುಗಿಯುತ್ತದೆ, ಬೇಟೆ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಯುಗಾದಿ ಹೊತ್ತಿಗೇ ತೀರ್ಮಾನ ಮಾಡಿರಬೇಕು.

ಇಲ್ಲಿ ಕಟ್ಟುವ ಶುಲ್ಕ, ಬಿಲ್ಲು-ಬಾಣದ ಮೇಲಿನ ತೆರಿಗೆ ಎರಡೂ ವನ್ಯಜೀವಿಗಳ ಕೆಲಸಕ್ಕೆ ಹೋಗುತ್ತವೆ. ಇಂಥ ತೆರಿಗೆಗೆ ದಾರಿ ಮಾಡಿದ ಕಾಯ್ದೆ 1937ರದ್ದು. ಅಮೆರಿಕದಲ್ಲೇ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯ ಕೊಲೊರಾಡೊ. ಇಲ್ಲಿ ಎಲ್ಲಿ ಎಷ್ಟು ಬೇಟೆಯಾಡಬಹುದು ಅನ್ನುವುದು ಎಣಿಕೆಯ ಮೇಲೆ ನಿರ್ಧಾರವಾಗುತ್ತದೆ. ಊರಿಗೆ ಹೋದಾಗ ಇದನ್ನು ಅಲ್ಲಿಗೂ ಅನ್ವಯಿಸಬೇಡಿ.

ಗಂಡನ್ನು ಹೊಡೆಯುವುದಾದರೆ ಕೊಂಬು ಎಣಿಸಬೇಕು. ಬಹಳ ಕಡೆ ಒಂದು ಪಕ್ಕದಲ್ಲಿ ನಾಲ್ಕು ಕವಲಾದರೂ ಇರಬೇಕು, ಇಲ್ಲವೇ ಹಣೆಯ ಮೇಲಿನ ಕವಲು 5 ಅಂಗುಲವಾದರೂ ಇರಬೇಕು. ಎಲೆ ಮರೆಯಲ್ಲಿ ಎಣಿಸಲು ಆಗದಿದ್ದರೆ ಬಿಟ್ಟುಬಿಡಿ.

ಬಿಲ್ಲು ಮತ್ತು ಬಾಣ

ಎಳೆತ, ಅಂದರೆ ಹೆದೆ ಎಳೆಯಲು ಬೇಕಾದ ಬಲ, 35 ಪೌಂಡಿಗಿಂತ ಕಡಿಮೆ ಇರಬಾರದು ಎಂದು ಇಲ್ಲಿನ ಕಾನೂನು. ನನ್ನ ಕಾಂಪೌಂಡ್ ಬಿಲ್ಲು (ರಾಟೆ ಇರುವ ಬಿಲ್ಲು) 62 ಪೌಂಡು, ಬಾಣ ಮೊನೆ ಸೇರಿ 480 ಗ್ರೇನ್ (ಸುಮಾರು 31 ಗ್ರಾಂ), ಮೊನೆ ಮಡಚದ ಬ್ಲೇಡಿನ ಬ್ರಾಡ್‌ಹೆಡ್. ಇದಕ್ಕಿಂತ ಭಾರದ ಬಿಲ್ಲು ಎಳೆಯಬಲ್ಲೆ, ಆದರೆ ಚಳಿಯಲ್ಲಿ ಒಂದು ಗಂಟೆ ಕೂತು ಎದ್ದ ಮೇಲೆ, ಮೈ ಅಲ್ಲಾಡಿಸದೆ, ಬಿಲ್ಲನ್ನು ಆಕಾಶಕ್ಕೆ ಎತ್ತದೆ ಎಳೆಯಲು ಆಗಬೇಕು. ಅದೇ ಪರೀಕ್ಷೆ. ಮೊನೆಯ ಬ್ಲೇಡು ಕಾಗದ ಕತ್ತರಿಸುವಷ್ಟು ಹರಿತವಿದ್ದರೆ ಸಾಲದು, ತೋಳಿನ ಕೂದಲು ಸಲೀಸಾಗಿ ಬೋಳಾಗಬೇಕು.

ಅಭ್ಯಾಸ ಮೇ ತಿಂಗಳಿಂದ. ಬಯಲಲ್ಲಿ ನಿಂತು ನೂರು ಬಾಣ ಬಿಡುವುದಕ್ಕಿಂತ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಒಂದೇ ಒಂದು ಬಾಣ, ಮೈ ಬಿಸಿಯಾಗದೆ, ಬಿಡಿ. ಬೆಟ್ಟದಲ್ಲಿ ಸಿಗುವುದು ಅದೊಂದೇ. ಮಂಡಿಯೂರಿ, ಇಳಿಜಾರಿನಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು ಬಿಡಿ. ಎಲ್ಕಿನ ಶ್ವಾಸಕೋಶದ ಜಾಗ ಊಟದ ತಟ್ಟೆಯಷ್ಟು. ಎಷ್ಟು ದೂರದಿಂದ ಹತ್ತಕ್ಕೆ ಹತ್ತು ತಟ್ಟೆಯೊಳಗೆ ಬೀಳುತ್ತದೋ ಅದರ ಅರ್ಧ ನಿಮ್ಮ ಬೇಟೆಯ ದೂರ. ನಾನು 60 ಗಜಕ್ಕೆ ಅಭ್ಯಾಸ ಮಾಡುತ್ತೇನೆ, ಬೇಟೆಯಲ್ಲಿ 30 ಗಜ ದಾಟುವುದಿಲ್ಲ.

ಮನೆಯಲ್ಲಿ ಬಿಟ್ಟು ಹೋಗುವ ಕಾಗದ

ಒಂಟಿಯಾಗಿ ಹೋಗುವವನ ಜೀವ ಒಂದು ಕಾಗದದಲ್ಲಿದೆ. ಕಾರು ಎಲ್ಲಿ, ಗುಡಾರ ಎಲ್ಲಿ, ಯಾವ ಕಣಿವೆ ದಾಟುವುದಿಲ್ಲ, ಎಂದು ವಾಪಸ್, ಹಾಕಿದ ಜಾಕೆಟ್ ಯಾವ ಬಣ್ಣ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ಥರದ್ದು ಒಂದು ಇರಲೇಬೇಕು, ಅದೂ ಚೀಲದಲ್ಲಲ್ಲ, ಮೈಮೇಲೆ. ಚೀಲ ಬಿಚ್ಚಿಟ್ಟು ಇಪ್ಪತ್ತು ಹೆಜ್ಜೆ ಹೋದಾಗಲೇ ಕಾಲು ಮುರಿಯುವುದು. ದಿನಾ ರಾತ್ರಿ ಎಂಟಕ್ಕೆ ನನ್ನ ಹೆಂಡತಿಗೆ ಒಂದು ಸಂದೇಶ. ಅದು ಬರದೆ ಮರುದಿನ ಮಧ್ಯಾಹ್ನ ಹನ್ನೆರಡಾದರೆ ಅವಳು ಆ ಕೌಂಟಿಯ (ಜಿಲ್ಲೆಯ) ಪೊಲೀಸ್ ಮುಖ್ಯಸ್ಥ ಶೆರಿಫರ ಕಚೇರಿಗೆ ಫೋನ್ ಮಾಡುತ್ತಾಳೆ. ಇಲ್ಲಿ ಕಳೆದುಹೋದವರನ್ನು ಹುಡುಕಿಸುವ ಹೊಣೆ ಶೆರಿಫರದ್ದು. ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದೆ.

ರಾಜಧಾನಿ ಡೆನ್ವರ್ 5,280 ಅಡಿಯಲ್ಲಿದೆ, ಬೇಟೆ 10,000 ಅಡಿಯ ಆಸುಪಾಸು. ಮೊದಲ ರಾತ್ರಿ ಕಾರಿನ ಹತ್ತಿರವೇ ಮಲಗಿ ಮೈಯನ್ನು ಒಗ್ಗಿಸಿ. ಮಧ್ಯಾಹ್ನದ ಗುಡುಗು ಮಿಂಚಿಗೆ ಮೊದಲೇ ಬೋಳು ಏಣಿನಿಂದ ಇಳಿಯಿರಿ. ಸೆಪ್ಟೆಂಬರ್‌ನಲ್ಲೇ ಹಿಮ ಬೀಳಬಹುದು. ತೊರೆ ನೀರು ಎಷ್ಟೇ ತಿಳಿಯಾಗಿದ್ದರೂ ಸೋಸಿ ಅಥವಾ ಕುದಿಸಿ ಕುಡಿಯಿರಿ.

ಊಟಕ್ಕೆ ನಮ್ಮದೇ ಬುತ್ತಿ ಅಂಗಡಿಯ ಒಣ ಪೊಟ್ಟಣಕ್ಕಿಂತ ಎಷ್ಟೋ ವಾಸಿ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಹಾಲಿನ ಪುಡಿ ಬೆರೆಸಿ ತಂದರೆ ಬಿಸಿನೀರು ಹಾಕಿದರೆ ಸಾಕು. ತೆಳು ಅವಲಕ್ಕಿ, ಶೇಂಗಾ ಚಟ್ನಿಪುಡಿ, ಚಿಕ್ಕಿ. ಒಗ್ಗರಣೆ ಮಾತ್ರ ಗುಡಾರದಲ್ಲಿ ಹಾಕಬೇಡಿ. ಕಪ್ಪು ಕರಡಿಗೆ ಇಂಗಿನ ವಾಸನೆ ಎಷ್ಟು ದೂರ ಮುಟ್ಟುತ್ತದೋ! ತಿನ್ನುವ ವಸ್ತುವೆಲ್ಲ ಗುಡಾರದಿಂದ ನೂರು ಗಜ ಆಚೆ, ಮರಕ್ಕೆ ಎತ್ತರದಲ್ಲಿ ಕಟ್ಟಿ.

ಗಾಳಿ

ನನ್ನ ಎಡ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಪ್ಲಾಸ್ಟಿಕ್ ಸೀಸೆ, ಒಳಗೆ ವಾಸನೆಯಿಲ್ಲದ ಬಿಳಿ ಪುಡಿ. ಹಿಸುಕಿದರೆ ಒಂದು ಚಿಟಿಕೆ ಗಾಳಿಗೆ ಹಾರುತ್ತದೆ. ಅದು ಎತ್ತ ಹೋಗುತ್ತದೋ ನಿಮ್ಮ ಬೆವರೂ ಅತ್ತಲೇ. ಬೆಳಿಗ್ಗೆ ನೆಲ ತಣ್ಣಗಿರುವಾಗ ಗಾಳಿ ಕಣಿವೆಯತ್ತ ಇಳಿಯುತ್ತಿರುತ್ತದೆ. ಬಿಸಿಲು ಇಳಿಜಾರಿಗೆ ಬಿದ್ದು ನೆಲ ಕಾದಂತೆ ಮೇಲಕ್ಕೆ ತಿರುಗುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ತಿರುಗುವ ಆ ಅರ್ಧ ಗಂಟೆ ಮಹಾ ಚಂಚಲ. ಆಗ ನಡೆಯಬೇಡಿ, ಕೂತು ಒಂದು ಚಿಕ್ಕಿ ತಿನ್ನಿ.

ಎರಡನೇ ವರ್ಷ, ಆಸ್ಪೆನ್ ತೋಪಿನ ಅಂಚು. ಗಂಡು 40 ಗಜದಲ್ಲಿ ಒಂದು ಎಳೆ ಫರ್ ಮರಕ್ಕೆ ಕೊಂಬು ತಿಕ್ಕುತ್ತಿತ್ತು. ತೊಗಟೆ ಸುಲಿದ ಹಸಿ ಅಂಟಿನ ವಾಸನೆ, ಅದರ ಮೈಯ ಉಚ್ಚೆ-ಕೆಸರಿನ ಘಾಟು, ಎರಡೂ ನನ್ನ ಮೂಗಿಗೆ. ಮುಖಕ್ಕೆ ಗಾಳಿ ಇರುವವರೆಗೂ ಎಲ್ಲ ಸರಿ. ಆಮೇಲೆ ಕತ್ತಿನ ಹಿಂದೆ, ಟೋಪಿ ಮತ್ತು ಕಾಲರಿನ ನಡುವೆ, ತಣ್ಣನೆಯ ಒಂದು ಎಳೆ ಮುಟ್ಟಿತು. ಅಷ್ಟೆ. ಗಂಡು ತಲೆಯೆತ್ತಿತು, ಮೂಗಿನ ಹೊಳ್ಳೆ ಅರಳಿತು, ನನ್ನತ್ತ ನೋಡಲೂ ಇಲ್ಲ. ಮರ ಮುರಿದ ಸದ್ದು ಮಾತ್ರ ಕೇಳಿತು. ಎಲ್ಕಿನ ಕಣ್ಣಿಗೆ ಕಂಡರೆ, ಕಿವಿಗೆ ಕೇಳಿದರೆ ಒಂದು ಅವಕಾಶ ಉಳಿದೀತು. ಮೂಗಿಗೆ ಸಿಕ್ಕರೆ ಆ ಕಣಿವೆಯೇ ಅವತ್ತಿಗೆ ಖಾಲಿ.

ಕೂಗುವುದು

ಬೆದೆ ಜೋರಾಗುವುದು ಸೆಪ್ಟೆಂಬರ್ ಎರಡನೆಯ ಅರ್ಧದಲ್ಲಿ. ಗಂಡಿನ ಕೂಗಿಗೆ ಬ್ಯೂಗಲ್ ಎನ್ನುತ್ತಾರೆ. ಅಡಿಯಿಂದ ಎದ್ದು ಸಿಳ್ಳೆಯಾಗಿ ಏರಿ ಗೊಗ್ಗರವಾಗಿ ಮುಗಿಯುತ್ತದೆ. ಹೆಣ್ಣು ಮಿಯಾಂವ್ ಎನ್ನುವ ಹಾಗೆ ಕಿರಿದಾಗಿ ಕರೆಯುತ್ತದೆ. ಅಂಗುಳಕ್ಕೆ ಒತ್ತಿ ಊದುವ ಪೊರೆ ಕಲಿತರೆ ಎರಡೂ ಬರುತ್ತವೆ. ಜೂನ್‌ನಲ್ಲಿ ಕಾರಿನಲ್ಲಿ ಆಫೀಸಿಗೆ ಹೋಗುವಾಗ ಕಲಿಯಿರಿ.

ಒಂಟಿ ಬೇಟೆಗಾರನಿಗೆ ಇಲ್ಲೊಂದು ತೊಡಕಿದೆ. ಇಬ್ಬರಿದ್ದರೆ ಒಬ್ಬ ಹಿಂದೆ ಕೂತು ಕೂಗುತ್ತಾನೆ, ಇನ್ನೊಬ್ಬ ಮುಂದೆ ಬಿಲ್ಲು ಹಿಡಿದಿರುತ್ತಾನೆ. ಒಬ್ಬನೇ ಕೂಗಿದರೆ ಗಂಡು ನೇರ ಕೂಗಿದ ಜಾಗವನ್ನೇ ನೋಡುತ್ತ 70-80 ಗಜದಲ್ಲಿ ನಿಲ್ಲುತ್ತದೆ. ಹೆಣ್ಣು ಕಾಣದಿದ್ದರೆ ಸುತ್ತು ಹಾಕಿ ಗಾಳಿ ಹಿಡಿಯಲು ಹೋಗುತ್ತದೆ. ಅದಕ್ಕೆ ನಾನು ಮಾಡುವುದು ಹೀಗೆ: ಒಂದು ದಿಣ್ಣೆಯ ಹಿಂದೆ ನಿಂತು ಎರಡು ಸಲ ಹೆಣ್ಣಿನ ಕರೆ, ಒಂದು ಕೋಲಿನಿಂದ ಪೊದೆ ಬಡಿತ. ಉತ್ತರ ಬಂದ ಕೂಡಲೇ ಬಾಯಿ ಮುಚ್ಚಿ, ಅದು ಸುತ್ತು ಹಾಕಿ ಬರಬಹುದಾದ ದಾರಿಯತ್ತ 30-40 ಗಜ ಬೇಗ ಸರಿದು, ಮರದ ಮುಂದೆ ನಿಲ್ಲುತ್ತೇನೆ. ಹಿಂದೆ ಅಲ್ಲ, ಮುಂದೆ. ಹಿಂದೆ ನಿಂತರೆ ಬಿಲ್ಲು ಎಳೆಯಲು ಜಾಗ ಇರುವುದಿಲ್ಲ. ಅದರ ತಲೆ ಮರದ ಬೊಡ್ಡೆಯ ಮರೆಗೆ ಹೋದಾಗಲೇ ಹೆದೆ ಎಳೆಯಬೇಕು.

ಬಾಣ ಬಿಟ್ಟ ಮೇಲೆ

ಬಾಣ ಬಿಡುವಾಗ ಪ್ರಾಣಿ ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ತಿರುಗಿರಬೇಕು. ಗುರಿ ಮುಂಗಾಲಿನ ಹಿಂದಿನ ಮಡಿಕೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರ. ಎದುರಿಗೆ ಮುಖ ಮಾಡಿದ್ದರೆ ಬೇಡ.

ಬಾಣ ಹೋದ ಮೇಲೆ ಅಲ್ಲಾಡಬೇಡಿ. ಕೊನೆಗೆ ಕಂಡ ಮರ, ಕೊನೆಗೆ ಕೇಳಿದ ಸದ್ದು ನೆನಪಿಡಿ, ಗಡಿಯಾರ ನೋಡಿ. ರಕ್ತ ನಸುಗೆಂಪು, ನೊರೆ ನೊರೆ ಇದ್ದರೆ ಶ್ವಾಸಕೋಶ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಕಡುಗೆಂಪಾಗಿದ್ದರೆ ಯಕೃತ್ತು, ನಾಲ್ಕರಿಂದ ಆರು ಗಂಟೆ. ಬಾಣಕ್ಕೆ ಹಸಿರು ಮೇವು, ಗಬ್ಬು ವಾಸನೆ ಇದ್ದರೆ ಹೊಟ್ಟೆ, ಎಂಟು ಗಂಟೆಗೂ ಮೇಲೆ. ಬೇಗ ಹೋದರೆ ಸಾಯುತ್ತಿರುವ ಪ್ರಾಣಿ ಎದ್ದು ಇನ್ನೊಂದು ಕಣಿವೆ ದಾಟುತ್ತದೆ. ಪ್ರತಿ ರಕ್ತದ ಹನಿಗೂ ಕಿತ್ತಳೆ ರಿಬ್ಬನ್ ಕಟ್ಟುತ್ತ ಹೋಗಿ, ಆಮೇಲೆ ಬಿಚ್ಚಿ ತನ್ನಿ.

ಸಿಕ್ಕ ಮೇಲೆ ಮೊದಲು ಪರವಾನಗಿಯ ಚೀಟಿ (ಟ್ಯಾಗು), ಅದಕ್ಕೆ ಸಹಿ, ತಾರೀಖು. ನಾನು ಕೊಂಬಿನ ಬುಡಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ಕೂರುತ್ತೇನೆ. ಆಮೇಲೆ ಕತ್ತಿ.

ಹೊಟ್ಟೆ ಸೀಳದೆ ಮಾಡುವ ವಿಧಾನವೇ ಒಬ್ಬನಿಗೆ ಸರಿ. ಮಗ್ಗುಲಲ್ಲಿ ಮಲಗಿಸಿ, ಮೇಲಿನ ಹಿಂಗಾಲನ್ನು ಹಗ್ಗದಿಂದ ಮರಕ್ಕೆ ಎಳೆದು ಕಟ್ಟಿ, ಅದೇ ನಿಮ್ಮ ಎರಡನೇ ಆಳು. ಬೆನ್ನೆಲುಬಿನ ಉದ್ದಕ್ಕೆ ಚರ್ಮ ಸೀಳಿ ಕೆಳಕ್ಕೆ ಸುಲಿಯಿರಿ. ಮುಂಗಾಲಿಗೆ ಕೀಲೇ ಇಲ್ಲ, ಹೆಗಲ ಹಲಗೆ ಬರೀ ಮಾಂಸದಲ್ಲಿ ಅಂಟಿರುತ್ತದೆ. ಎತ್ತಿ ಹಿಡಿದು ಅಡಿಯಲ್ಲಿ ಕತ್ತಿ ಆಡಿಸಿದರೆ ಕೈಗೆ ಬರುತ್ತದೆ. ಹಿಂದೊಡೆಯಲ್ಲಿ ಸೊಂಟದ ಮೂಳೆಗೆ ಕತ್ತಿ ತಾಗಿಸಿಕೊಂಡೇ ಹೋಗಿ, ಗುಂಡುಕೀಲು ಸಿಕ್ಕಾಗ ಒಳಗಿನ ಗಟ್ಟಿ ನಾರು ಕತ್ತರಿಸಿದರೆ ಟಪ್ ಎಂದು ಬಿಡುತ್ತದೆ. ಬೆನ್ನಮಾಂಸ, ಕತ್ತು, ಪಕ್ಕೆಯ ಮೇಲಿನದು. ಕೊನೆಯ ಪಕ್ಕೆಲುಬಿನ ಹಿಂದೆ ಸಣ್ಣದಾಗಿ ಸೀಳಿ ಕೈ ತೂರಿಸಿದರೆ ಒಳಬೆನ್ನಿನ ಮೆತ್ತನೆಯ ಪಟ್ಟಿ. ಮತ್ತೆ ಇನ್ನೊಂದು ಮಗ್ಗುಲು. ನನಗೆ ನಾಲ್ಕು ಗಂಟೆ ಹಿಡಿಯುತ್ತದೆ. ಗಂಡೋ ಹೆಣ್ಣೋ ಎನ್ನುವ ಗುರುತು ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಉಳಿಯಬೇಕು, ಇದು ಕಾನೂನು.

ಕರಡಿಗಿಂತ, ಮಿಂಚಿಗಿಂತ ಇಲ್ಲಿ ನನಗೆ ಭಯ ನನ್ನ ಕತ್ತಿಯದೇ. ಕೈ ಮರಗಟ್ಟಿದಾಗ, ಕತ್ತಲಾದಾಗ, ಬ್ಲೇಡು ಬದಲಿಸುವಾಗ ಜಾರುತ್ತದೆ. ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿಯನ್ನು ಒಂದೇ ಕೈಯಲ್ಲಿ ಕಟ್ಟಲು ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿ.

ಹಿಂದೊಡೆಯನ್ನು ಮೂಳೆಯವರೆಗೆ ಕೂಡಲೇ ಸೀಳಿ ಬಿಸಿ ಹೊರಬಿಡಿ. ನನ್ನದು ಹಾಳಾದದ್ದು ಅಲ್ಲೇ. ಉಸಿರಾಡುವ ಬಟ್ಟೆಚೀಲದಲ್ಲಿ ಹಾಕಿ, ಉತ್ತರಕ್ಕೆ ಮುಖಮಾಡಿದ ಇಳಿಜಾರಿನ ದಟ್ಟ ಸ್ಪ್ರೂಸ್ ನೆರಳಲ್ಲಿ, ತೊರೆಯ ಪಕ್ಕದ ತಣ್ಣನೆ ಗಾಳಿಗೆ ತೂಗುಹಾಕಿ. ಪ್ಲಾಸ್ಟಿಕ್ ಬೇಡವೇ ಬೇಡ. ಒಡಲಿನ ಹತ್ತಿರ ಬೇಡ, ಕರಡಿ ಬರುವುದು ಅಲ್ಲಿಗೆ. ವಾಪಸ್ ಬರುವಾಗ ದೂರದಿಂದಲೇ ಜೋರಾಗಿ ಮಾತಾಡುತ್ತ ಬನ್ನಿ.

ಮೊದಲ ಹೊರೆ ಹಿಂದೊಡೆಯದ್ದೇ ಆಗಲಿ, ಭಾರವಾದದ್ದು, ಬೇಗ ಕೆಡುವುದು. ಎರಡು ಕೋಲು ಹಿಡಿದು ನಡೆಯಿರಿ. ಸೆಪ್ಟೆಂಬರ್ ನಡುವೆ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯವರ ಬೇಟೆ ಕಾಲವೂ ಬರುತ್ತದೆ, ಕೊಂಬು ಹೊತ್ತು ನಡೆಯುವಾಗ ಚೀಲಕ್ಕೂ ಕೊಂಬಿಗೂ ಕಿತ್ತಳೆ ಬಟ್ಟೆ ಸುತ್ತಿ. ಕಾರಿನಲ್ಲಿ ಎರಡು ದೊಡ್ಡ ಐಸ್ ಪೆಟ್ಟಿಗೆ, ಒಗೆದ ಬಟ್ಟೆ, ಒಂದು ಬಾಟಲಿ ಮಜ್ಜಿಗೆ ಇಟ್ಟಿರಿ.

ಮನೆ ಸೇರುವ ಮುಂಚೆ ತಲೆಯನ್ನು ಇಲಾಖೆಯ ಪರೀಕ್ಷೆಗೆ ಕೊಡಿ. ಕ್ರಾನಿಕ್ ವೇಸ್ಟಿಂಗ್ ಎಂಬ ಮಿದುಳಿನ ರೋಗ ಇಲ್ಲಿನ ಜಿಂಕೆ, ಎಲ್ಕ್‌ಗಳಲ್ಲಿದೆ. ಮನುಷ್ಯರಿಗೆ ತಗಲಿದ್ದು ಕಂಡಿಲ್ಲ, ಆದರೂ ರೋಗವಿದ್ದ ಮಾಂಸ ತಿನ್ನಬಾರದು ಎಂದೇ ಸಲಹೆ. ಫಲಿತಾಂಶ ಬರುವವರೆಗೆ ಪೊಟ್ಟಣಗಳ ಮೇಲೆ ತಾರೀಖು ಬರೆದು ಫ್ರೀಜರ್‌ನಲ್ಲಿ ಬೇರೆಯಾಗಿಡಿ, ಯಾರಿಗೂ ಪಾಲು ಕೊಡಬೇಡಿ. ಬಂದ ಮೇಲೆ ಮೊಣಕಾಲಿನ ಕೆಳಗಿನ ಮಾಂಸದಿಂದ ಶುರುಮಾಡಿ. ಭಾರವೆಂದು ಅದನ್ನು ಅಸಡ್ಡೆ ಮಾಡುವವರಿದ್ದಾರೆ. ಕಾಳುಮೆಣಸು, ಶುಂಠಿ ಹಾಕಿ ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬಿಡಿ. ಪಕ್ಕಕ್ಕೆ ಕಡುಬು.