ಮೊದಲು ಹಕ್ಕಳೆ ನೆನೆಯಲಿ, ಆಮೇಲೆ ಮುಲಾಮು: ಮಕ್ಕಳ ಇಂಪೆಟಿಗೊಗೆ ನಾನು ಮದ್ದು ಕೊಡುವ ರೀತಿ

ಮಂಡ್ಯ ತಾಲ್ಲೂಕಿನ ಒಂದು ಊರಿನಲ್ಲಿ ನನ್ನ ಕ್ಲಿನಿಕ್ ಇದೆ. ಸುತ್ತಲೂ ನಾಲೆ ನೀರು, ಕಬ್ಬು, ಭತ್ತ, ನಡುನಡುವೆ ಆಲೆಮನೆ. ಮುಂಗಾರು ಹಿಡಿಯುವ ಹೊತ್ತಿಗೆ ಇಲ್ಲಿ ಸೆಕೆಯೂ ಇರುತ್ತದೆ, ತೇವವೂ ಇರುತ್ತದೆ. ಸೊಳ್ಳೆ ಕಚ್ಚುತ್ತದೆ, ಮಕ್ಕಳು ಕೆರೆದುಕೊಳ್ಳುತ್ತಾರೆ. ಅಲ್ಲಿಂದ ಇಂಪೆಟಿಗೊ ಅನ್ನುವ ಚರ್ಮದ ಸೋಂಕು ಶುರು. ಮೂಗಿನ ಕೆಳಗೆ, ಬಾಯಿ ಪಕ್ಕ, ಮೊಣಕಾಲ ಹತ್ತಿರ ಸಣ್ಣ ನೀರುಗುಳ್ಳೆ ಏಳುತ್ತದೆ. ಅದು ಬೇಗ ಒಡೆಯುತ್ತದೆ. ಸೋರಿದ ರಸ ಒಣಗಿ, ಬೆಲ್ಲದ ಪಾಕ ಅಂಟಿಕೊಂಡ ಹಾಗೆ ಹಳದಿ ಹಕ್ಕಳೆ ಕಟ್ಟುತ್ತದೆ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಜಾಸ್ತಿ.

ಇದಕ್ಕೆ ಕಾರಣ ಎರಡು ಬ್ಯಾಕ್ಟೀರಿಯಾ. ಒಂದು ಸ್ಟ್ಯಾಫಿಲೊಕಾಕಸ್ ಆರಿಯಸ್, ಇನ್ನೊಂದು ಸ್ಟ್ರೆಪ್ಟೊಕಾಕಸ್ ಪಯೋಜಿನಸ್. ಕೆಲವು ಸಲ ಎರಡೂ ಒಟ್ಟಿಗೆ ಇರುತ್ತವೆ. ಚರ್ಮದ ಮೇಲ್ಪದರದಲ್ಲೇ ಇರುವ ಸೋಂಕು ಇದು. ಹಾಗಾಗಿ ವಾಸಿಯಾದ ಮೇಲೆ ಗಾಯದ ಗುರುತು ಉಳಿಯುವುದಿಲ್ಲ. ಸ್ವಲ್ಪ ದಿನ ಬಣ್ಣ ಬೇರೆ ಕಾಣುತ್ತದೆ, ಆಮೇಲೆ ಸರಿಹೋಗುತ್ತದೆ. ಹೆಣ್ಣು ಮಗುವಿನ ಮುಖದಲ್ಲಿ ಆಗಿದ್ದರೆ ತಾಯಂದಿರು ಮೊದಲು ಕೇಳುವುದು ಅದನ್ನೇ. ಅದಕ್ಕೆ ನಾನು ಮದ್ದು ಬರೆಯುವ ಮುಂಚೆಯೇ ಈ ಮಾತು ಹೇಳಿಬಿಡುತ್ತೇನೆ.

ಇಷ್ಟು ಸುಲಭವಾಗಿ ವಾಸಿಯಾಗುವ ಕಾಯಿಲೆಗೆ ಜನ ತಿಂಗಳುಗಟ್ಟಲೆ ಒದ್ದಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ತಾಯಿ ಕೈಚೀಲದಿಂದ ಒಂದೊಂದೇ ಟ್ಯೂಬ್ ತೆಗೆದು ಟೇಬಲ್ ಮೇಲೆ ಇಡುತ್ತಾಳೆ. ಅರ್ಧ ಉಳಿದ ಸಿರಪ್ ಬಾಟಲಿ ಬೇರೆ. "ಏನ್ ಹಚ್ಚಿದ್ರೂ ಹೋಗ್ತಾ ಇಲ್ಲ ಡಾಕ್ಟ್ರಮ್ಮ, ಉಷ್ಣ ಅನ್ಸುತ್ತೆ" ಅನ್ನುತ್ತಾಳೆ. ಕೆಲವರು ಸರ್ಪಸುತ್ತು ಅಂದುಕೊಂಡು ಕೆಮ್ಮಣ್ಣು ಬಳಿದಿರುತ್ತಾರೆ. ಕೆಲವರು ಅರಿಶಿನ, ಬೇವಿನ ಸೊಪ್ಪು ಅರೆದು ಹಚ್ಚಿರುತ್ತಾರೆ. ನಾನು ಬೈಯುವುದಿಲ್ಲ. ಬೈದರೆ ಮುಂದಿನ ಸಲ ಏನು ಹಚ್ಚಿದ್ದೇವೆ ಅಂತ ಹೇಳುವುದೇ ಇಲ್ಲ. ಅಲ್ಲದೆ ಅವರು ಮಗುವಿಗೆ ಒಳ್ಳೆಯದಾಗಲಿ ಅಂತಲೇ ಮಾಡಿರುತ್ತಾರೆ.

ಆ ಟ್ಯೂಬ್‌ಗಳಲ್ಲಿ ಸರಿಯಾದ ಮದ್ದೂ ಒಂದು ಇರುತ್ತದೆ. ಹಾಗಿದ್ದರೂ ಯಾಕೆ ವಾಸಿಯಾಗಿಲ್ಲ? ಹೆಚ್ಚಿನ ಸಲ ಉತ್ತರ ಒಂದೇ. ಮುಲಾಮನ್ನು ಹಕ್ಕಳೆಯ ಮೇಲೆ ಹಚ್ಚಿರುತ್ತಾರೆ. ಬ್ಯಾಕ್ಟೀರಿಯಾ ಇರುವುದು ಹಕ್ಕಳೆಯ ಕೆಳಗೆ. ಮದ್ದು ಅಲ್ಲಿಗೆ ಇಳಿಯದಿದ್ದರೆ ಎಷ್ಟು ಬೆಲೆಯ ಟ್ಯೂಬ್ ತಂದರೂ ಅಷ್ಟೇ. ಪೌಡರ್ ಉದುರಿಸಿದವರ ಕಥೆ ಇನ್ನೂ ಕಷ್ಟ. ಒದ್ದೆ ಹುಣ್ಣಿನ ಮೇಲೆ ಪೌಡರ್ ಗಟ್ಟಿಯಾಗಿ ಇನ್ನೊಂದು ಪದರ ಕೂತುಬಿಟ್ಟಿರುತ್ತದೆ.

ಅದಕ್ಕೆ ಮೊದಲ ಸಲ ಹಚ್ಚುವುದನ್ನು ನಾನೇ ಕ್ಲಿನಿಕ್‌ನಲ್ಲಿ ಮಾಡಿ ತೋರಿಸುತ್ತೇನೆ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು, ಒಗೆದ ಹಳೆಯ ಹತ್ತಿ ಬಟ್ಟೆಯ ತುಂಡು, ಇಷ್ಟೇ ಸಾಕು. ಬಟ್ಟೆಯನ್ನು ನೆನೆಸಿ, ಹಿಂಡಿ, ಹಕ್ಕಳೆಯ ಮೇಲೆ ಸುಮ್ನೆ ಇಟ್ಟು ಹಿಡಿದುಕೊಳ್ಳಬೇಕು. ಉಜ್ಜಬಾರದು. ಆರಿದರೆ ಮತ್ತೆ ನೆನೆಸಿ ಇಡಬೇಕು. ಐದು ಹತ್ತು ನಿಮಿಷದಲ್ಲಿ ಹಕ್ಕಳೆಯ ಅಂಚು ಬೆಳ್ಳಗಾಗಿ ಏಳುತ್ತದೆ. ಆಗ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ತಾನಾಗಿ ಬರುತ್ತದೆ. ಬಾರದ ಭಾಗವನ್ನು ಕೀಳಬಾರದು, ಸಂಜೆಗೆ ಬಿಡಬೇಕು. ಕಿತ್ತರೆ ರಕ್ತ ಬರುತ್ತದೆ, ಮಗು ನಾಳೆಯಿಂದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೆಳಗೆ ಕೆಂಪಗೆ, ಹೊಳೆಯುವ, ತೇವದ ಚರ್ಮ ಕಾಣುತ್ತದೆ. ಅದನ್ನು ಒತ್ತಿ ಒಣಗಿಸಿ, ಅದರ ಮೇಲೆ ತೆಳುವಾಗಿ ಮುಲಾಮು ಹಚ್ಚಬೇಕು. ಸುತ್ತ ಸ್ವಲ್ಪ ಒಳ್ಳೆಯ ಚರ್ಮಕ್ಕೂ ಸೇರಿಸಿ.

ಒಂದು ವಿಷಯ ಗಮನಿಸಿದ್ದೇನೆ. ಮೂಗಿನ ಕೆಳಗಿನ ಹುಣ್ಣಿನಿಂದ ಶುರು ಮಾಡಿದರೆ ಮಗು ಗಾಬರಿಯಾಗಿ ಕಿರುಚುತ್ತದೆ. ಕಾಲಿನ ಮೇಲೆ ಇರುವ ಸಣ್ಣದನ್ನು ಮೊದಲು ತೆಗೆದುಕೊಂಡರೆ ಏನೂ ನೋಯುವುದಿಲ್ಲ ಅಂತ ಅದಕ್ಕೇ ತಿಳಿಯುತ್ತದೆ. ಆಮೇಲೆ ಮುಖ ಸುಲಭ. ಎರಡನೆಯ ಹುಣ್ಣನ್ನು ತಾಯಿಯ ಕೈಯಲ್ಲೇ ಮಾಡಿಸುತ್ತೇನೆ. ಮುಗಿದ ಮೇಲೆ ಅವಳ ಕೈಗೂ ಮಗುವಿನ ಕೈಗೂ ಸೋಪು. ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಅಂತ ಕೇಳುವ ಡಾಕ್ಟರ್ ಗೆಳೆಯರಿದ್ದಾರೆ. ಈ ಹೊತ್ತು ಕೊಟ್ಟರೆ ಆ ಮಗು ಅದೇ ಹುಣ್ಣಿಗೆ ಮತ್ತೆ ಮತ್ತೆ ಬರುವುದು ತಪ್ಪುತ್ತದೆ. ನನಗೆ ಅದೇ ಮುಖ್ಯ.

ಈಗ ಮದ್ದಿನ ವಿಷಯ. ಹುಣ್ಣು ಕೆಲವೇ ಇದ್ದು, ಜ್ವರ ಇಲ್ಲದೆ, ಮಗು ಆಡಿಕೊಂಡಿದ್ದರೆ ನಾನು ಬಾಯಿಗೆ ಆಂಟಿಬಯೋಟಿಕ್ ಕೊಡುವುದಿಲ್ಲ. ಶೇಕಡ 2ರ ಮುಪಿರೊಸಿನ್ ಮುಲಾಮು, ದಿನಕ್ಕೆ ಎರಡು ಮೂರು ಸಲ, 5 ದಿನ. ಕೆಲವೇ ಹುಣ್ಣು ಇರುವಾಗ ಮುಲಾಮು ಬಾಯಿಯ ಮದ್ದಿಗೆ ಏನೂ ಕಡಿಮೆಯಿಲ್ಲ ಅನ್ನುವುದು ಅಧ್ಯಯನಗಳಲ್ಲೂ ಕಂಡಿದೆ, ನನ್ನ ಅನುಭವವೂ ಅದೇ. ಹೊಟ್ಟೆ ಕೆಡುವುದಿಲ್ಲ, ಭೇದಿ ಇಲ್ಲ. ಮುಪಿರೊಸಿನ್ ಒಂದು ವಿಶೇಷದ ಮದ್ದು. ಸ್ಯೂಡೊಮೊನಸ್ ಫ್ಲೋರಸೆನ್ಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ತಯಾರಿಸುವ ವಸ್ತು ಅದು. ಸ್ಟ್ಯಾಫಿಲೊಕಾಕಸ್ (ನಾವು ಸ್ಟ್ಯಾಫ್ ಅನ್ನುತ್ತೇವೆ) ತನಗೆ ಬೇಕಾದ ಪ್ರೋಟೀನ್ ಕಟ್ಟಿಕೊಳ್ಳುವುದನ್ನೇ ಈ ಮದ್ದು ತಡೆಯುತ್ತದೆ. ರಕ್ತಕ್ಕೆ ಸೇರಿದರೆ ದೇಹ ಅದನ್ನು ಬೇಗ ಒಡೆದುಹಾಕುತ್ತದೆ. ಆದ್ದರಿಂದ ಮಾತ್ರೆಯಾಗಿ ಬರಲಿಲ್ಲ, ಹಚ್ಚುವ ಮದ್ದಾಗಿಯೇ ಉಳಿಯಿತು. ಅದು ಸಿಗದಿದ್ದರೆ ಶೇಕಡ 2ರ ಫ್ಯೂಸಿಡಿಕ್ ಆಸಿಡ್ ಕೂಡ ಆಗುತ್ತದೆ.

5 ಗ್ರಾಂನ ಸಣ್ಣ ಟ್ಯೂಬ್ ಬರೆಯುತ್ತೇನೆ. ಉಳಿದದ್ದನ್ನು ಮನೆಯಲ್ಲಿಟ್ಟು ಪ್ರತಿ ತರಚಿಗೂ, ಸೊಳ್ಳೆ ಕಡಿತಕ್ಕೂ ಹಚ್ಚಬೇಡಿ ಅಂತ ಹೇಳುತ್ತೇನೆ. ಸುಮ್ನೆ ಬಳಸಿದಷ್ಟೂ ಅದಕ್ಕೆ ಬಗ್ಗದ ಸ್ಟ್ಯಾಫ್ ಊರಲ್ಲಿ ಉಳಿದುಕೊಳ್ಳುತ್ತದೆ. ನಾಳೆ ನಿಜವಾಗಿ ಬೇಕಾದ ಮಗುವಿಗೆ ಅದು ಕೆಲಸ ಮಾಡುವುದಿಲ್ಲ.

ಟೇಬಲ್ ಮೇಲಿನ ಟ್ಯೂಬ್‌ಗಳಲ್ಲಿ ನಾನು ಮೊದಲು ಹುಡುಕುವುದು ಸ್ಟಿರಾಯ್ಡ್ ಬೆರೆಸಿದ ಕ್ರೀಮ್. ಕ್ಲೋಬೆಟಾಸೋಲ್ ಅಥವಾ ಬೆಕ್ಲೊಮೆಥಸೋನ್, ಜೊತೆಗೆ ಒಂದು ಆಂಟಿಬಯೋಟಿಕ್, ಜೊತೆಗೆ ಹುಳುಕಡ್ಡಿಯ ಮದ್ದು, ಮೂರೂ ಒಂದೇ ಟ್ಯೂಬ್‌ನಲ್ಲಿ. ಕಜ್ಜಿಗೆ, ಹುಳುಕಡ್ಡಿಗೆ, ಬೆವರುಸಾಲೆಗೆ, ಎಲ್ಲಕ್ಕೂ ಅಂಗಡಿಯಲ್ಲಿ ಇದನ್ನೇ ಕೊಟ್ಟು ಕಳಿಸುತ್ತಾರೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತಾರೆ. ಆದರೆ ಸ್ಟಿರಾಯ್ಡ್ ಚರ್ಮದ ಹೋರಾಟವನ್ನೇ ಮಲಗಿಸಿರುತ್ತದೆ, ಸೋಂಕು ಒಳಗೊಳಗೇ ಹರಡುತ್ತಿರುತ್ತದೆ. ಬಿಟ್ಟ ತಕ್ಷಣ ಮುಂಚಿಗಿಂತ ಜಾಸ್ತಿಯಾಗಿ ಏಳುತ್ತದೆ. ಎಳೆಯ ಮುಖದ ಚರ್ಮ ತೆಳ್ಳಗಾಗುವುದು ಬೇರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಕಾನೂನು ಬಂದಿದೆ, ಟ್ಯೂಬ್ ಇನ್ನೂ ಬರುತ್ತಲೇ ಇದೆ. ನನ್ನ ಬಳಿ ಬಂದವರಿಗೆ ಟ್ಯೂಬ್ ಮೇಲಿನ ಹೆಸರನ್ನು ತೋರಿಸಿ, "ಸೋನ್, ಸೋಲ್ ಅಂತ ಕೊನೆಯಾಗುವ ಹೆಸರು ಕಂಡರೆ ಮಗುವಿನ ಹುಣ್ಣಿಗೆ ಹಚ್ಚುವ ಮುಂಚೆ ನನ್ನನ್ನು ಕೇಳಿ" ಅನ್ನುತ್ತೇನೆ. ಆ ಕೊನೆಯಿರುವ ಎಲ್ಲವೂ ಸ್ಟಿರಾಯ್ಡ್ ಅಲ್ಲ, ಹುಳುಕಡ್ಡಿಯ ಎಷ್ಟೋ ಮದ್ದುಗಳ ಹೆಸರೂ ಹೆಚ್ಚುಕಡಿಮೆ ಹಾಗೆ ಮುಗಿಯುತ್ತದೆ. ಆದರೂ ಕೇಳಿದರೆ ನಷ್ಟವೇನು, ಅಲ್ವಾ?

ಹುಣ್ಣು ಮೈತುಂಬ ಇದ್ದರೆ, ದೊಡ್ಡ ನೀರುಬೊಬ್ಬೆಯ ರೀತಿಯದಾದರೆ, ಜ್ವರ ಇದ್ದರೆ, ಅಥವಾ ಒಂದೇ ಮನೆಯಲ್ಲಿ ಹಲವರಿಗೆ ಆಗಿದ್ದರೆ ಬಾಯಿಗೆ ಕೊಡುತ್ತೇನೆ. ನನ್ನ ಮೊದಲ ಆಯ್ಕೆ ಸೆಫಾಲೆಕ್ಸಿನ್, 7 ದಿನ. ಕಿಲೋ ತೂಕಕ್ಕೆ ದಿನಕ್ಕೆ 25ರಿಂದ 50 ಮಿಲಿಗ್ರಾಂ, ಅದನ್ನು ಮೂರು ನಾಲ್ಕು ಸಲಕ್ಕೆ ಹಂಚಬೇಕು. 12 ಕಿಲೋ ಮಗುವಿಗೆ 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಎಂಎಲ್, ದಿನಕ್ಕೆ ನಾಲ್ಕು ಸಲ. ತೂಕ ನೋಡದೆ ನಾನು ಬರೆಯುವುದಿಲ್ಲ. ನೀವೂ ಇದನ್ನು ಓದಿ ಅಂಗಡಿಗೆ ಹೋಗಬೇಡಿ. ಪೆನಿಸಿಲಿನ್ ಗುಂಪಿನ ಮದ್ದು ತಿಂದು ಹಿಂದೆ ಮೈ ದದ್ದರಿಸಿದ್ದು, ಮುಖ ಊದಿದ್ದು ಇದೆಯಾ ಅಂತ ಕೇಳಿಯೇ ಇದನ್ನು ಕೊಡಬೇಕು.

ಅಮಾಕ್ಸಿಸಿಲಿನ್ ಒಂದೇ ಕೊಟ್ಟರೆ ಸಾಲದು. ಸ್ಟ್ಯಾಫ್ ಅದನ್ನು ಮುರಿಯುವ ಕಿಣ್ವ ತಯಾರಿಸುತ್ತದೆ. ಕ್ಲಾವ್ಯುಲನೇಟ್ ಜೊತೆಗಿದ್ದರೆ ಆ ಕಿಣ್ವಕ್ಕೆ ತಡೆ ಬೀಳುತ್ತದೆ, ಆಗ ಆಗುತ್ತದೆ. ಸೆಫಿಕ್ಸಿಮ್ ಬಗ್ಗೆ ಜನರಿಗೆ ತುಂಬಾ ನಂಬಿಕೆ. ದೊಡ್ಡ ಮದ್ದು, ಬೇಗ ಕೆಲಸ ಮಾಡುತ್ತದೆ ಅನ್ನುತ್ತಾರೆ. ಸ್ಟ್ಯಾಫ್ ಮೇಲೆ ಅದರ ಬಲ ಬಹಳ ಕಡಿಮೆ. ಇಂಪೆಟಿಗೊಗೆ ಅದನ್ನು ಕುಡಿಸಿದರೆ ಮಗುವಿನ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಮುಖದ ಹುಣ್ಣು ಹಾಗೇ ಇರುತ್ತದೆ.

ಡ್ರೈ ಸಿರಪ್ ಕಲಸುವುದನ್ನೂ ತೋರಿಸಬೇಕು. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ, ಕುಲುಕಿ, ನೊರೆ ಇಳಿದ ಮೇಲೆ ಗೆರೆ ನೋಡಿ ಮತ್ತೆ ತುಂಬಬೇಕು. ಪ್ರತಿ ಸಲ ಕುಲುಕಬೇಕು, ಮುಚ್ಚಳದ ಅಳತೆಯಲ್ಲೇ ಕೊಡಬೇಕು, ಅಡುಗೆಮನೆ ಚಮಚದಲ್ಲಿ ಅಲ್ಲ. ಫ್ರಿಜ್ ಇಲ್ಲದ ಮನೆಗೆ ನೀರಲ್ಲಿ ಕರಗುವ ಮಾತ್ರೆ ಕೊಡುತ್ತೇನೆ.

ಎರಡು ಮೂರು ದಿನಕ್ಕೆ ಹೊಸ ಹುಣ್ಣು ಏಳುವುದು ನಿಲ್ಲಬೇಕು, ಇದ್ದದ್ದು ಒಣಗುತ್ತಾ ಬರಬೇಕು. ಹಾಗಾಗದಿದ್ದರೆ ಇನ್ನೊಂದು ಆಂಟಿಬಯೋಟಿಕ್ ಅಂತ ಊಹೆಯ ಮೇಲೆ ಹೋಗುವುದಿಲ್ಲ. ಯಾವ ಬ್ಯಾಕ್ಟೀರಿಯಾ, ಯಾವ ಮದ್ದಿಗೆ ಬಗ್ಗುತ್ತದೆ ಅಂತ ತಿಳಿಯಲು ಹುಣ್ಣಿನ ರಸವನ್ನು ಕಲ್ಚರ್‌ಗೆ ಕಳಿಸುತ್ತೇನೆ. ಎಂಆರ್‌ಎಸ್ಎ (ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಸ್ಟ್ಯಾಫ್) ಬಂದರೆ ವರದಿ ನೋಡಿ ಕೋಟ್ರೈಮಾಕ್ಸಜೋಲ್ ಅಥವಾ ಕ್ಲಿಂಡಾಮೈಸಿನ್. ಎಳೆಗೂಸಿಗೆ ಬೊಬ್ಬೆ ಎದ್ದಿದ್ದರೆ, ಮುಟ್ಟಿದರೆ ಚರ್ಮ ಸುಲಿದು ಬರುತ್ತಿದ್ದರೆ, ಹುಣ್ಣಿನ ಸುತ್ತ ಕೆಂಪು ಬಿಸಿಯಾಗಿ ಹರಡುತ್ತಿದ್ದರೆ ನನ್ನ ಕ್ಲಿನಿಕ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಅದೇ ಗಂಟೆ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ಗೆ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ.

ಮತ್ತೆ ಮತ್ತೆ ಬರುವ ಮಕ್ಕಳದ್ದು ಬೇರೆ ವಿಷಯ. ಅವರ ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ನೋಡುತ್ತೇನೆ. ರಾತ್ರಿ ತುರಿಕೆ ಜಾಸ್ತಿ ಅಂದರೆ, ಮನೆಯಲ್ಲಿ ಇನ್ನೂ ಯಾರೋ ಕೆರೆದುಕೊಳ್ಳುತ್ತಿದ್ದಾರೆ ಅಂದರೆ, ಅಲ್ಲಿ ಕಜ್ಜಿ ಇದೆ. ಕಜ್ಜಿಯ ಹುಳು ಹೋಗದೆ ಮೇಲಿನ ಕೀವು ಮಾತ್ರ ಒಣಗಿಸಿ ಪ್ರಯೋಜನವಿಲ್ಲ. ಆಲೆಮನೆ ಕೆಲಸಕ್ಕೆ ಬೇರೆ ರಾಜ್ಯದಿಂದ ಬಂದ ಕುಟುಂಬಗಳು ಒಂದೇ ಗುಡಿಸಲಲ್ಲಿ ಒತ್ತಾಗಿ ಮಲಗುತ್ತವೆ. ಅಲ್ಲಿ ಒಂದು ಮಗುವಿಗೆ ಮಾತ್ರ ಮದ್ದು ಕೊಟ್ಟು ಬಂದರೆ ಕೊಟ್ಟ ಹಾಗೇ ಅಲ್ಲ. ಎಲ್ಲರೂ ಒಂದೇ ರಾತ್ರಿ ಶೇಕಡ 5ರ ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಕಾಲ ಬೆರಳಿನವರೆಗೆ ಹಚ್ಚಿಕೊಂಡು ಬೆಳಿಗ್ಗೆ ಸ್ನಾನ ಮಾಡಬೇಕು, ವಾರದ ಮೇಲೆ ಇನ್ನೊಮ್ಮೆ. ಎರಡು ತಿಂಗಳು ತುಂಬದ ಕೂಸಿಗೆ ಇದು ಬೇಡ. ಬಟ್ಟೆ, ಹೊದಿಕೆಗೆ ಬಿಸಿನೀರು, ಆಮೇಲೆ ಚುರುಕು ಬಿಸಿಲು. ಇಂಥ ಕಡೆ ನಾನೇ ಸಂಜೆ ಹೋಗುತ್ತೇನೆ. ಕ್ಲಿನಿಕ್‌ಗೆ ಬನ್ನಿ ಅಂದರೆ ಒಂದು ದಿನದ ಕೂಲಿ ಹೋಗುತ್ತದೆ, ಅವರು ಬರುವುದಿಲ್ಲ.

ಕಜ್ಜಿ ಇಲ್ಲದೆಯೂ ಮರಳಿ ಬಂದರೆ ಮೂಗು ನೋಡಬೇಕು. ಸ್ಟ್ಯಾಫ್ ಮೂಗಿನ ಹೊಳ್ಳೆಯಲ್ಲಿ ಮನೆ ಮಾಡಿಕೊಂಡಿರುತ್ತದೆ. ಮಗು ಮೂಗಿಗೆ ಬೆರಳು ಹಾಕಿ ಅದೇ ಬೆರಳಲ್ಲಿ ಕಾಲು ಕೆರೆಯುತ್ತದೆ. ಹೊಳ್ಳೆಯ ಒಳ ಅಂಚಿಗೆ 5 ದಿನ ಮುಪಿರೊಸಿನ್, ಉಗುರು ಕತ್ತರಿಸುವುದು, ಟವೆಲ್ ಬೇರೆ ಇಡುವುದು, ಇಷ್ಟರಿಂದ ತುಂಬಾ ಮಕ್ಕಳಿಗೆ ನಿಂತಿದೆ. ಅಂಗನವಾಡಿಗೆ, ಶಾಲೆಗೆ ಮದ್ದು ಶುರುವಾಗಿ 24 ಗಂಟೆ ಕಳೆದ ಮೇಲೆ ಹುಣ್ಣು ಮುಚ್ಚಿಕೊಂಡು ಹೋಗಬಹುದು. ಹದಿನೈದು ದಿನ ಮನೆಯಲ್ಲೇ ಕೂರಿಸುವ ಅಗತ್ಯವಿಲ್ಲ.

ಹುಣ್ಣು ಒಣಗಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಸ್ಟ್ರೆಪ್ಟೊಕಾಕಸ್‌ನಿಂದ ಆದ ಚರ್ಮದ ಸೋಂಕಿನ ನಂತರ, ಸಾಮಾನ್ಯವಾಗಿ ಮೂರರಿಂದ ಆರು ವಾರದ ಒಳಗೆ, ಕೆಲವು ಮಕ್ಕಳಿಗೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಆಂಟಿಬಯೋಟಿಕ್ ಪೂರ್ತಿ ಕೊಟ್ಟಿದ್ದರೂ ಅದು ಬರುವುದೇ ಇಲ್ಲ ಅಂತ ಹೇಳಲಾಗುವುದಿಲ್ಲ. ಅದಕ್ಕೆ ಚೀಟಿಯ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ: ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮೂತ್ರ ಕಡುಕಂದು ಅಥವಾ ಕೆಂಪು, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಬನ್ನಿ. ಹಾಗೆ ಬಂದ ಮಗುವಿಗೆ ಮೊದಲು ಮೂತ್ರ ಪರೀಕ್ಷೆ ಮಾಡಿಸುತ್ತೇನೆ, ಮಕ್ಕಳ ತೋಳಿಗೆ ಹೊಂದುವ ಸಣ್ಣ ಪಟ್ಟಿ ಕಟ್ಟಿ ಬಿಪಿ ನೋಡುತ್ತೇನೆ. ಬಿಪಿ ಜಾಸ್ತಿ ಇದ್ದರೆ ಆ ರಾತ್ರಿಯೇ ಆಸ್ಪತ್ರೆ ಸೇರಬೇಕು, ಬೆಳಗಿನವರೆಗೆ ಕಾಯುವಂತಿಲ್ಲ.